ಯಾವ ‘ಕಾಂಕ್ರೀಟ್ ಜಂಗಲ್’? ಯಾರ ಮಿಕ್ಸ್?

ಜಮೈಕಾದ ರೆಗೆ ಸಂಗೀತದ ಬಾಬ್ ಮಾರ್ಲಿ ಮತ್ತು ವೇಲರ್ಸ್ ತಂಡದ ‘ಕ್ಯಾಚ್ ಎ ಫೈರ್’ ಆಲ್ಬಮ್ ಶುರುವಾಗುವುದು ‘ಕಾಂಕ್ರೀಟ್ ಜಂಗಲ್’ ಹಾಡಿನಿಂದ. ಲೋಕ ಈ ಹಾಡನ್ನು 1973ರಿಂದ ಕೇಳುತ್ತಿದೆ. ಆದರೆ ಅದೇ ರೆಕಾರ್ಡಿಂಗ್‌ಗೆ ಇನ್ನೂ ಹಳೆಯ ಮಿಕ್ಸ್ ಒಂದಿತ್ತು. ಮಿಕ್ಸ್ ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಇಷ್ಟಿಷ್ಟು ಅಂತ ಹದ ಮಾಡಿ ಬೆರೆಸುವುದು. ಅದು ಜನರ ಕೈಗೆ ಸಿಕ್ಕಿದ್ದು 2001ರಲ್ಲಿ, 28 ವರ್ಷ ತಡವಾಗಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಹಾಡು ಅದೇ, ದನಿ ಅದೇ, ಡ್ರಮ್ಸ್ ಬಾರಿಸಿದ ಕೈಯೂ ಅದೇ. ಆದರೂ ಒಂದು ಲಂಡನ್ನಿನ ಕೋಣೆಯಲ್ಲಿ ಕೂತಿದೆ, ಇನ್ನೊಂದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬೀದಿಯಲ್ಲಿ ನಿಂತಿದೆ ಅನ್ನಿಸುತ್ತದೆ.

1973ರ ಮಿಕ್ಸ್‌ನಲ್ಲಿ ಕೀಬೋರ್ಡ್ ಮತ್ತು ಗಿಟಾರ್ ದಾರಿ ಮಾಡಿಕೊಂಡು ಬರುತ್ತವೆ. ನಡುವೆ ಒಂದು ಉದ್ದನೆಯ ಗಿಟಾರ್ ಸೋಲೊ ಇದೆ. ಅಮೆರಿಕದ ದಕ್ಷಿಣದ ಬ್ಲೂಸ್ ರಾಕ್ ಕೈ ಅದು. ಒಂದು ಸ್ವರವನ್ನು ಹಿಡಿದು ಎಳೆದು, ಗುಂಯ್‌ಗುಡಿಸುತ್ತಾ ಮೇಲಕ್ಕೆ ಒಯ್ಯುತ್ತದೆ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಜಮೈಕಾದ ಮಿಕ್ಸ್‌ನಲ್ಲಿ ಆ ಸೋಲೊ ಇಲ್ಲವೇ ಇಲ್ಲ. ಆ ಜಾಗದಲ್ಲಿ ಬೇಸ್ ಗಿಟಾರ್ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ತಂಡದ ಇನ್ನಿಬ್ಬರು ಹಾಡುಗಾರರಾದ ಪೀಟರ್ ಟಾಷ್, ಬನ್ನಿ ವೇಲರ್ ಅವರ ದನಿಗಳು ಮಾರ್ಲಿಯ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಕೇಳುತ್ತವೆ. ನಾನು ಇಪ್ಪತ್ತು ವರ್ಷ ಮೊದಲನೆಯದನ್ನೇ ಕೇಳಿದವನು. ಎರಡನೆಯದನ್ನು ಕೇಳಿದ ದಿನ, ಇಷ್ಟು ವರ್ಷ ಈ ಮೂವರು ಹಾಡುಗಾರರಲ್ಲಿ ಒಬ್ಬರನ್ನು ಮಾತ್ರ ಸರಿಯಾಗಿ ಕೇಳಿದ್ದೇನೆ ಅಂತ ಗೊತ್ತಾಯಿತು.

ಇದು ಹೇಗಾಯಿತು ಅಂದರೆ, 1972ರಲ್ಲಿ ವೇಲರ್ಸ್ ಲಂಡನ್ನಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಸಿಕ್ಕಿಬಿದ್ದಿದ್ದರು. ಐಲ್ಯಾಂಡ್ ರೆಕಾರ್ಡ್ಸ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಅವರಿಗೆ 4,000 ಪೌಂಡ್ ಕೊಟ್ಟು, ಊರಿಗೆ ಹೋಗಿ ಆಲ್ಬಮ್ ಮಾಡಿಕೊಂಡು ಬನ್ನಿ ಅಂದರು. ಆ ದುಡ್ಡು ಹೋದ ಹಾಗೇ ಅಂತ ಸುತ್ತಲಿನವರು ಹೇಳಿದ್ದರಂತೆ. ತಂಡ ಕಿಂಗ್‌ಸ್ಟನ್‌ನಲ್ಲಿ ರೆಕಾರ್ಡ್ ಮಾಡಿತು. ಮಾರ್ಲಿ ಟೇಪುಗಳನ್ನು ಹೊತ್ತು ಲಂಡನ್ನಿಗೆ ಹೋದರು. ಅಲ್ಲಿ ಬೇಸಿಂಗ್ ಸ್ಟ್ರೀಟ್ ಸ್ಟುಡಿಯೊದಲ್ಲಿ ಆ ಟೇಪುಗಳ ಮೇಲೆ ಹೊಸ ವಾದ್ಯಗಳನ್ನು ಸೇರಿಸಲಾಯಿತು. ಗಿಟಾರ್ ನುಡಿಸಿದ್ದು ಅಲಬಾಮಾದ ವೇಯ್ನ್ ಪರ್ಕಿನ್ಸ್. ಅವರಿಗೆ ಆವರೆಗೆ ರೆಗೆ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಕೀಬೋರ್ಡ್ ಟೆಕ್ಸಸ್‌ನ ಜಾನ್ ‘ರ‍್ಯಾಬಿಟ್’ ಬಂಡ್ರಿಕ್ ಅವರದು. ಅವರಿಗೆ ಮಾರ್ಲಿಯ ಪರಿಚಯ ಮೊದಲೇ ಇತ್ತು. ಬೇಸ್ ಸದ್ದನ್ನು ತಗ್ಗಿಸಿದರು. ಎರಡು ಹಾಡುಗಳನ್ನು ಬಿಟ್ಟರು. ಒಂಬತ್ತು ಹಾಡುಗಳ ಆಲ್ಬಮ್ ಆಯಿತು.

ಬ್ಲ್ಯಾಕ್‌ವೆಲ್ ಯಾಕೆ ಹೀಗೆ ಮಾಡಿದರು? ಆಗ ಬ್ರಿಟನ್‌ನಲ್ಲಿ ರೆಗೆ ಅಂದರೆ ಸಣ್ಣ ಗ್ರಾಮಫೋನ್ ತಟ್ಟೆಯ ಸಿಂಗಲ್. ಒಂದು ಹಾಡು ಹಿಟ್ ಆಗುತ್ತದೆ, ಎರಡು ತಿಂಗಳಲ್ಲಿ ಮರೆತುಹೋಗುತ್ತದೆ. ಇಡೀ ಆಲ್ಬಮ್ ಕೊಂಡುಕೊಳ್ಳುವವರು ರಾಕ್ ಕೇಳುವ ಕಾಲೇಜು ಹುಡುಗರು. ಅವರ ಕಿವಿಗೆ ಗಿಟಾರ್ ಬೇಕು. ಹೊದಿಕೆಯನ್ನು ಕೂಡ ಅವರಿಗೆಂದೇ ಮಾಡಿದರು. ಮೊದಲ 20,000 ಪ್ರತಿಗಳಿಗೆ ಜಿಪ್ಪೋ ಲೈಟರ್ ಆಕಾರದ, ಮುಚ್ಚಳ ತೆರೆಯುವ ಹೊದಿಕೆ ಇತ್ತು.

ಇದನ್ನು ನಾನು ಮೋಸ ಅನ್ನಲಾರೆ. ಮಾರ್ಲಿ ಆ ಸ್ಟುಡಿಯೊದಲ್ಲಿ ಇದ್ದರು. ಅವರ ಒಪ್ಪಿಗೆ ಇತ್ತು. ಆ ಆಲ್ಬಮ್ ತೆರೆದ ಬಾಗಿಲಿನಿಂದಲೇ ಆಮೇಲೆ ಎಷ್ಟೋ ಜಮೈಕಾದ ಹಾಡುಗಾರರು ಒಳಗೆ ಬಂದರು. ಆದರೆ ಬೇಸ್ ತಗ್ಗಿಸುವುದು ಅಂದರೆ ರೆಗೆಯಲ್ಲಿ ಸಣ್ಣ ವಿಷಯ ಅಲ್ಲ. ಬೇರೆ ಸಂಗೀತದಲ್ಲಿ ಬೇಸ್ ಹಿಂದೆ ನಿಂತು ಆಸರೆ ಕೊಡುತ್ತದೆ. ರೆಗೆಯಲ್ಲಿ ಬೇಸೇ ಹಾಡಿನ ಎರಡನೆಯ ರಾಗ. ಗಿಟಾರ್ ಬರೀ ತಾಳದ ಎದುರು ಬಡಿತದಲ್ಲಿ ಚಕ್ ಚಕ್ ಅಂತ ತುಂಡು ಹಾಕುತ್ತಿರುತ್ತದೆ. ಆ ಎರಡರ ನಡುವೆ ಬಿಟ್ಟ ಜಾಗದಲ್ಲೇ ಹಾಡು ಉಸಿರಾಡುವುದು. ಜಾಗ ತುಂಬಿಸಿದರೆ ಉಸಿರು ಕಟ್ಟುತ್ತದೆ. ತೊಂಬತ್ತರ ದಶಕದಲ್ಲಿ ಬಸ್ಸು, ಕ್ಯಾಸೆಟ್ ಅಂಗಡಿಗಳಲ್ಲಿ ‘ಝಂಕಾರ್ ಬೀಟ್ಸ್’ ಕೇಳಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹಳೆಯ ಹಿಂದಿ ಹಾಡಿನ ಮೇಲೆ ಡ್ರಮ್ಸ್ ಸುರಿದು ಮಾರುತ್ತಿದ್ದರಲ್ವಾ, ಅದೇ. ಐಲ್ಯಾಂಡ್ ಅದಕ್ಕಿಂತ ನೂರು ಪಾಲು ರುಚಿಯಿಂದ ಮಾಡಿತು ಅನ್ನುವುದು ನಿಜ. ಕೆಲಸ ಮಾತ್ರ ಅದೇ ಜಾತಿಯದು.

ಇಲ್ಲಿ ಒಂದು ವ್ಯತ್ಯಾಸ ಬಿಡಿಸಿ ಹೇಳಬೇಕು. ಅಂಗಡಿಗಳೂ ಆ್ಯಪ್‌ಗಳೂ ಇದನ್ನು ಕಲಸಿಬಿಡುತ್ತವೆ. ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ಮನೆಯ ಹಳೆಯ ಗುಂಪು ಫೋಟೊ ಒಂದನ್ನು ನೆನೆಸಿಕೊಳ್ಳಿ. ಅದರ ಧೂಳು ಒರೆಸಿ, ಬಣ್ಣ ತಿಳಿ ಮಾಡಿದರೆ ರೀಮಾಸ್ಟರ್. ಹಿಂದಿನ ಸಾಲಿನಲ್ಲಿ ನಿಂತ ಚಿಕ್ಕಪ್ಪನನ್ನು ಮುಂದಿನ ಸಾಲಿಗೆ ತಂದು, ಅಜ್ಜಿಯನ್ನು ಪಕ್ಕಕ್ಕೆ ಸರಿಸಿದರೆ ರೀಮಿಕ್ಸ್. ಅವತ್ತು ಊರಲ್ಲೇ ಇಲ್ಲದವರನ್ನು ತಂದು ಸೇರಿಸಿದರೆ ಓವರ್‌ಡಬ್. ‘ಕ್ಯಾಚ್ ಎ ಫೈರ್’ನಲ್ಲಿ ಕೊನೆಯ ಎರಡೂ ಆದವು.

ನನಗೆ ನಿಜವಾಗಿ ನೋವಾಗುವುದು ಇನ್ನೊಂದು ಆಲ್ಬಮ್ ವಿಷಯದಲ್ಲಿ. ಬರ್ನಿಂಗ್ ಸ್ಪಿಯರ್ ಅವರ ‘ಮಾರ್ಕಸ್ ಗಾರ್ವಿ’, 1975. ಬರ್ನಿಂಗ್ ಸ್ಪಿಯರ್ ಅನ್ನುವ ಹೆಸರಿನ ಹಾಡುಗಾರ ವಿನ್‌ಸ್ಟನ್ ರಾಡ್ನಿ ಹುಟ್ಟಿದ್ದು ಜಮೈಕಾದ ಉತ್ತರ ಕರಾವಳಿಯ ಸೇಂಟ್ ಆ್ಯನ್ಸ್ ಬೇ ಊರಿನಲ್ಲಿ. ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಕಸ್ ಗಾರ್ವಿ 1887ರಲ್ಲಿ ಹುಟ್ಟಿದ್ದೂ ಅದೇ ಊರಿನಲ್ಲಿ. ತನ್ನ ಊರಿನ ಹಿರಿಯನನ್ನು ಊರವರೇ ಮರೆತರಲ್ಲ ಅನ್ನುವ ಸಂಕಟದಿಂದ ರಾಡ್ನಿ ಹಾಡಿದರು. ಆಲ್ಬಮ್ ಮಾಡಿಸಿದವರು ಜ್ಯಾಕ್ ರೂಬಿ, ಪಕ್ಕದ ಓಚೊ ರಿಯೊಸ್ ಊರಿನಲ್ಲಿ ಸೌಂಡ್ ಸಿಸ್ಟಮ್ ಇಟ್ಟುಕೊಂಡಿದ್ದವರು. ಸೌಂಡ್ ಸಿಸ್ಟಮ್ ಅಂದರೆ ಬಯಲಿನಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಪೇರಿಸಿ, ತಟ್ಟೆ ಹಾಕಿ, ಜನರನ್ನು ಕುಣಿಸುವ ವ್ಯವಸ್ಥೆ. ಆ ಪೆಟ್ಟಿಗೆಗಳ ಮುಂದೆ ನಿಂತವರಿಗೆ ಬೇಸ್ ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಜ್ಯಾಕ್ ರೂಬಿಯ ಮಿಕ್ಸ್ ಅಂಥ ಎದೆಗಳಿಗಾಗಿ ಮಾಡಿದ್ದು.

ಐಲ್ಯಾಂಡ್ ಅದನ್ನು ಕೊಂಡಿತು, ಮತ್ತೆ ಮಿಕ್ಸ್ ಮಾಡಿತು. ಬಿಳಿಯ ಕೇಳುಗರಿಗೆ ಹಗುರ ಆಗಲಿ ಅಂತ ಸದ್ದನ್ನು ತೆಳುವಾಗಿಸಿತು. ಕೆಲವು ಹಾಡುಗಳ ವೇಗವನ್ನೂ ಬದಲಿಸಿತು. ಟೇಪಿನ ವೇಗ ಏರಿಸಿದರೆ ತಾಳ ಚುರುಕಾಗುವುದಷ್ಟೇ ಅಲ್ಲ, ಶ್ರುತಿಯೂ ಏರುತ್ತದೆ. ದನಿಯ ತೂಕ ಇಳಿಯುತ್ತದೆ. ರಾಡ್ನಿ ಹಾಡುವುದೇ ನಿಧಾನ, ಒಂದೊಂದು ಮಾತನ್ನೂ ನೆಲಕ್ಕೆ ಊರಿ ಊರಿ. ಹಿರಿಯರು ಜಗಲಿಯಲ್ಲಿ ಕೂತು ಹಳೆಯ ಅನ್ಯಾಯವನ್ನು ನೆನಪಿಸುವ ಹಾಗೆ. ಅಂಥ ದನಿಯನ್ನು ಒಂದಿಷ್ಟು ಅವಸರಕ್ಕೆ ದೂಡಿದರೂ ಅದರ ಗೌರವಕ್ಕೆ ಪೆಟ್ಟು ಬೀಳುತ್ತದೆ. ರಾಡ್ನಿಗೆ ಇದು ಹಿಡಿಸಲಿಲ್ಲ. ತಮ್ಮ ಹಾಡು ತಮ್ಮ ಕೈಯಲ್ಲೇ ಇರಲಿ ಅಂತ ಸ್ವಂತ ಲೇಬಲ್ ಕಟ್ಟಿಕೊಂಡರು. ಮಾರ್ಲಿಯ ಆಲ್ಬಮ್‌ನಲ್ಲಿ ಮಾರ್ಲಿ ಒಪ್ಪಿದ್ದರು, ಇಲ್ಲಿ ರಾಡ್ನಿ ಒಪ್ಪಲಿಲ್ಲ. ಎರಡನ್ನೂ ‘ಐಲ್ಯಾಂಡ್ ರೀಮಿಕ್ಸ್’ ಅಂತ ಒಂದೇ ಬುಟ್ಟಿಗೆ ಹಾಕುವುದು ನನ್ನ ಪ್ರಕಾರ ತಪ್ಪು.

ಹಾಗಾದರೆ ಮೊದಲಿನ ಮಿಕ್ಸೇ ಸರಿ, ಆಮೇಲಿನದೆಲ್ಲ ಕಲಬೆರಕೆ ಅಂತ ತೀರ್ಮಾನಿಸಬಹುದೇ? ಬೇರೆ ಯಾವ ಸಂಗೀತದಲ್ಲಾದರೂ ಆ ಮಾತು ಹೇಳಬಹುದೇನೋ. ರೆಗೆಯಲ್ಲಿ ಆಗುವುದಿಲ್ಲ. ರೀಮಿಕ್ಸ್ ಅನ್ನುವ ಕಲೆ ಬೆಳೆದದ್ದೇ ಜಮೈಕಾದಲ್ಲಿ.

1968ರ ಆಸುಪಾಸಿನಲ್ಲಿ ಸ್ಪ್ಯಾನಿಷ್ ಟೌನ್‌ನ ರೂಡಿ ರೆಡ್‌ವುಡ್ ಅನ್ನುವ ಸೌಂಡ್ ಸಿಸ್ಟಮ್ ಮಾಲೀಕರು ಟ್ರೆಷರ್ ಐಲ್ ಸ್ಟುಡಿಯೊದಲ್ಲಿ ಪ್ಯಾರಗಾನ್ಸ್ ತಂಡದ ‘ಆನ್ ದ ಬೀಚ್’ ಹಾಡಿನ ತಟ್ಟೆ ಕೊರೆಸಿಕೊಂಡರು. ಎಂಜಿನಿಯರ್ ಅದರಲ್ಲಿ ಹಾಡುಗಾರರ ದನಿಯನ್ನು ಸೇರಿಸುವುದನ್ನೇ ಬಿಟ್ಟಿದ್ದರು. ರೂಡಿ ಅದನ್ನು ಎಸೆಯಲಿಲ್ಲ. ಕುಣಿತದ ರಾತ್ರಿ ದನಿ ಇರುವ ತಟ್ಟೆ ಹಾಕಿ, ಅದರ ಹಿಂದೆಯೇ ದನಿ ಇಲ್ಲದ್ದನ್ನೂ ಹಾಕಿದರು. ಬಯಲಿನಲ್ಲಿ ನೆರೆದ ಜನ ತಾವೇ ಹಾಡತೊಡಗಿದರು. ಅಲ್ಲಿಂದ ಸಿಂಗಲ್‌ಗಳ ಹಿಂಬದಿಯಲ್ಲಿ ದನಿ ಇಲ್ಲದ ‘ವರ್ಶನ್’ ಹಾಕುವ ರೂಢಿ ಬಂತು.

ಅದನ್ನು ಕಲೆಯಾಗಿ ಬೆಳೆಸಿದವರಲ್ಲಿ ಎದ್ದು ಕಾಣುವವರು ಕಿಂಗ್ ಟಬ್ಬಿ. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಬಡಾವಣೆಯ ರೇಡಿಯೊ ರಿಪೇರಿಯವರು. ಡೈನಮಿಕ್ ಸೌಂಡ್ಸ್ ಸ್ಟುಡಿಯೊ ಬಿಟ್ಟುಕೊಟ್ಟ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿಯುವ, ಮಿಕ್ಸಿಂಗ್ ಡೆಸ್ಕ್ ಕೊಂಡು ಮನೆಯಲ್ಲಿ ಇಟ್ಟುಕೊಂಡರು. ಅದರಲ್ಲಿ ಒಂದು ದೊಡ್ಡ ಗುಂಡಿ ಇತ್ತು. ತಿರುಗಿಸಿದರೆ ಕೆಳಗಿನ ಸದ್ದೆಲ್ಲ ಸೋಸಿಹೋಗಿ, ಡ್ರಮ್ಸ್‌ನ ಜೋಡಿ ತಾಳ, ಹೈ-ಹ್ಯಾಟಿನ ಚಿಸ್ ಚಿಸ್ ಮಾತ್ರ ಉಳಿಯುತ್ತಿತ್ತು. ವಾಪಸ್ ತಿರುಗಿಸಿದಾಗ ಬೇಸ್ ಮಳೆ ಬಿದ್ದ ಹಾಗೆ ಬಂದು ಬೀಳುತ್ತಿತ್ತು. ಹಾಡಿನ ಒಂದು ತುಣುಕು ಕೇಳಿಸಿ ಥಟ್ಟನೆ ಕತ್ತರಿಸುವುದು, ಆ ಕೊನೆಯ ಅಕ್ಷರವನ್ನು ಪ್ರತಿಧ್ವನಿಗೆ ಎಸೆದು ಕರಗಲು ಬಿಡುವುದು, ಇವೆಲ್ಲ ಬೆರಳ ತುದಿಯಲ್ಲಿ, ಟೇಪ್ ಓಡುತ್ತಿರುವಾಗಲೇ. ಅದೇ ಹಾಡನ್ನು ನಾಳೆ ಮಾಡಿದರೆ ಬೇರೆಯೇ ಬರುತ್ತಿತ್ತು. ಡಬ್ ಅಂದರೆ ಇದು. ಇಲ್ಲಿ ‘ಮೂಲ’ ಅನ್ನುವುದು ಒಂದು ಬೀಜ ಅಷ್ಟೇ. ಮೆಲೋಡಿಕಾ ವಾದಕ ಆಗಸ್ಟಸ್ ಪ್ಯಾಬ್ಲೊ ಅವರ ಜೊತೆ ಟಬ್ಬಿ ಮಾಡಿದ ಕೆಲಸವನ್ನು ‘ರೀಮಿಕ್ಸ್’ ಅಂತ ಕೆಳಗಿಡುವ ಧೈರ್ಯ ಯಾರಿಗಿದೆ?

ಇನ್ನೊಂದು ಉದಾಹರಣೆ ಈ ಜಗಳವನ್ನು ತಲೆಕೆಳಗು ಮಾಡುತ್ತದೆ. ಕಾಂಗೋಸ್ ತಂಡದ ‘ಹಾರ್ಟ್ ಆಫ್ ದ ಕಾಂಗೋಸ್’, 1977. ಮಾಡಿದವರು ಲೀ ‘ಸ್ಕ್ರ್ಯಾಚ್’ ಪೆರ್ರಿ, ತಮ್ಮ ಮನೆ ಹಿತ್ತಲಿನ ಬ್ಲ್ಯಾಕ್ ಆರ್ಕ್ ಸ್ಟುಡಿಯೊದಲ್ಲಿ. ಜಮೈಕಾದಲ್ಲಿ ಮೊದಲು ಬಂದ ಸ್ವಲ್ಪ ಪ್ರತಿಗಳ ಮಿಕ್ಸ್ ಸರಳವಾಗಿತ್ತು. ಪೆರ್ರಿಗೆ ಅದು ಸಾಕಾಗಲಿಲ್ಲ. ಮತ್ತೆ ಕೂತು ಮಿಕ್ಸ್ ಮಾಡಿದರು. ಪ್ರತಿಧ್ವನಿಗಳು, ನೀರಿನ ಕೆಳಗೆ ನುಡಿಸಿದ ಹಾಗಿರುವ ತಾಳವಾದ್ಯಗಳು, ನಡುನಡುವೆ ದನ ಕೂಗಿದಂಥ ಸದ್ದು. ಇವತ್ತು ನಾವು ತಲೆ ಮೇಲೆ ಹೊತ್ತು ಮೆರೆಸುವುದು ಈ ಎರಡನೆಯ ಮಿಕ್ಸನ್ನು. 1996ರಲ್ಲಿ ಮ್ಯಾಂಚೆಸ್ಟರಿನ ಬ್ಲಡ್ ಆ್ಯಂಡ್ ಫೈರ್ ಲೇಬಲ್ ಮತ್ತೆ ಅಚ್ಚು ಹಾಕಿದ ಮೇಲೆ ಲೋಕದ ಉದ್ದಗಲಕ್ಕೂ ಹರಡಿದ್ದೂ ಇದೇ. ಮೊದಲ ಮಿಕ್ಸ್ 40ನೇ ವರ್ಷದ ಆವೃತ್ತಿಯಲ್ಲಿ ಮೂರನೆಯ ತಟ್ಟೆಯಾಗಿ ಬಂತು. ಕೇಳಿದೆ. ಹಾಡುಗಾರರ ದನಿ ಸ್ವಚ್ಛವಾಗಿದೆ. ಆದರೆ ಆ ಮಾಯೆ ಎರಡನೆಯದರಲ್ಲೇ ಇರುವುದು. ಹಳೆಯದು ಅನ್ನುವ ಒಂದೇ ಕಾರಣಕ್ಕೆ ನಾನು ಅದನ್ನು ಮೇಲೆ ಕೂರಿಸಲಾರೆ.

ಅಂದರೆ ಕೇಳಬೇಕಾದ ಪ್ರಶ್ನೆ ‘ಯಾವುದು ಮೊದಲಿನದು’ ಅಂತ ಅಲ್ಲ. ಮಿಕ್ಸ್ ಮಾಡಿದವರು ಯಾರು, ಹಾಡಿದವರಿಗೆ ಅದು ಗೊತ್ತಿತ್ತೇ, ಇನ್ನೊಂದು ಮಿಕ್ಸ್ ನಮ್ಮ ಕೈಗೆ ಸಿಗುತ್ತದೆಯೇ. ಈ ಮೂರಕ್ಕೆ ಉತ್ತರ ಇದ್ದರೆ ನನಗೆ ಯಾವ ರೀಮಿಕ್ಸಿನ ಮೇಲೂ ತಕರಾರಿಲ್ಲ.

ಮಾರ್ಲಿ ತೀರಿಕೊಂಡದ್ದು 1981ರ ಮೇ 11ರಂದು. ‘ಲೆಜೆಂಡ್’ ಸಂಕಲನ ಬಂದದ್ದು 1984ರಲ್ಲಿ. ಅಮೆರಿಕದಲ್ಲಿ ಅದರ ಮೊದಲ ಆವೃತ್ತಿಯ ಕೆಲವು ಹಾಡುಗಳನ್ನು ಎರಿಕ್ ಥಾರ್ನ್‌ಗ್ರೆನ್ ಹೊಸದಾಗಿ ಮಿಕ್ಸ್ ಮಾಡಿದ್ದರು, ಎಂಬತ್ತರ ದಶಕದ ಡ್ರಮ್ ಸದ್ದಿಗೆ ಹೊಂದುವ ಹಾಗೆ. ಮಾರ್ಲಿಯ ಒಪ್ಪಿಗೆ ಕೇಳುವ ದಾರಿ ಆಗ ಮುಚ್ಚಿಹೋಗಿತ್ತು. ಅವರ ಮಕ್ಕಳು ಮಾಡಿದ ಕೆಲಸ ಬೇರೆ ತರಹದ್ದು. ‘ಎಕ್ಸೋಡಸ್’ಗೆ 40 ವರ್ಷವಾದಾಗ, 2017ರಲ್ಲಿ, ಜಿಗ್ಗಿ ಮಾರ್ಲಿ ಹಳೆಯ ಟೇಪುಗಳಲ್ಲಿ ಬಳಸದೆ ಉಳಿದಿದ್ದ ಹಾಡಿಕೆ, ವಾದನದ ತುಣುಕುಗಳಿಂದ ಆಲ್ಬಮನ್ನು ಮತ್ತೆ ಕಟ್ಟಿದರು. ಮರುವರ್ಷ ಸ್ಟೀಫನ್ ಮಾರ್ಲಿ ‘ಕಾಯಾ’ ಆಲ್ಬಮನ್ನು ಮಿಕ್ಸ್ ಮಾಡಿದರು. ಎರಡರಲ್ಲೂ ಹಳೆಯ ಮಿಕ್ಸ್ ಪಕ್ಕದಲ್ಲೇ ಇದೆ, ಹೊಸದು ಯಾರದು ಅಂತ ಬರೆದಿದೆ. ನನಗೆ ಹಳೆಯವೇ ಇಷ್ಟ, ಆ ಮಾತು ಬೇರೆ. ಪೀಟರ್ ಟಾಷ್ ಅವರ ‘ಲೀಗಲೈಸ್ ಇಟ್’ ಆಲ್ಬಮ್‌ಗೂ 2011ರ ಆವೃತ್ತಿಯಲ್ಲಿ ಜಮೈಕಾದ ಮಿಕ್ಸ್ ಸೇರಿತು. ರೆಗೆಗೆ ಅಂತ ಗ್ರ್ಯಾಮಿ ಪ್ರಶಸ್ತಿ ಶುರುವಾದ ವರ್ಷ, 1985ರಲ್ಲಿ, ಗೆದ್ದದ್ದು ಬ್ಲ್ಯಾಕ್ ಉಹುರು ತಂಡದ ‘ಆ್ಯಂಥಮ್’. ಅದಕ್ಕೂ ಒಂದಕ್ಕಿಂತ ಜಾಸ್ತಿ ಮಿಕ್ಸ್‌ಗಳಿವೆ.

ಈಗ ಈ ವಿಷಯ ಯಾಕೆ ಬಿಸಿಯಾಗಿದೆ ಅಂದರೆ, ತಟ್ಟೆ ಕೊಂಡವರ ಮನೆಯಲ್ಲಿ ತಟ್ಟೆ ಬದಲಾಗುವುದಿಲ್ಲ. ಫೋನಿನಲ್ಲಿ ಬದಲಾಗುತ್ತದೆ. ನಾನು ವರ್ಷಗಳಿಂದ ಕೇಳುತ್ತಿದ್ದ ಒಂದು ಹಳೆಯ ರೆಗೆ ಆಲ್ಬಮ್ ಒಂದು ದಿನ ಬೇರೆ ತರಹ ಕೇಳಿಸಿತು. ಹೊದಿಕೆ ಅದೇ, ಹೆಸರು ಅದೇ, ಇಸವಿ ಅದೇ. ಮೊದಲು ನನ್ನ ಇಯರ್‌ಫೋನ್ ಕೆಟ್ಟಿದೆ ಅಂದುಕೊಂಡೆ. ಮನೆಯಲ್ಲಿದ್ದ ಸಿಡಿ ಹಾಕಿ ಹೋಲಿಸಿದಾಗ ಗೊತ್ತಾಯಿತು, ಆ ಆ್ಯಪ್ ಹಳೆಯ ಫೈಲ್ ತೆಗೆದು ಬೇರೆ ಮಿಕ್ಸ್ ಇಟ್ಟಿದೆ. ಒಂದು ಸಾಲಿನ ಸೂಚನೆಯೂ ಇರಲಿಲ್ಲ. ಸಿಡಿ ಇಲ್ಲದವರಿಗೆ ಇದು ಗೊತ್ತಾಗುವುದೇ ಇಲ್ಲ. ಮುಂದಿನ ತಲೆಮಾರಿನವರಿಗೆ ಹೊಸದೇ ಹಳೆಯದಾಗಿಬಿಡುತ್ತದೆ.

ಡಾಲ್ಬಿ ಅಟ್ಮಾಸ್ ಇದಕ್ಕೆ ಇನ್ನೊಂದು ಸುತ್ತು ಸೇರಿಸಿದೆ. ಆ್ಯಪಲ್ ಮ್ಯೂಸಿಕ್ 2021ರ ಜೂನ್‌ನಲ್ಲಿ ಇದನ್ನು ತಂದಿತು. ಹೊಂದುವ ಹೆಡ್‌ಫೋನ್ ಇದ್ದರೆ, ಅಟ್ಮಾಸ್ ಮಿಕ್ಸ್ ಇರುವ ಹಾಡುಗಳಲ್ಲಿ ಅದೇ ತಾನಾಗಿ ಶುರುವಾಗುತ್ತದೆ. ಬೇಡ ಅಂದರೆ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಬೇಕು. ಅಟ್ಮಾಸ್ ಮಿಕ್ಸ್ ಅಂದರೆ ಹಳೆಯ ಟ್ರ್ಯಾಕುಗಳನ್ನು ಬಿಡಿಬಿಡಿಯಾಗಿ ತೆಗೆದು ಕೇಳುಗರ ಸುತ್ತ ಮತ್ತೆ ಕೂರಿಸುವುದು. ಅದು ಪೂರ್ತಿ ರೀಮಿಕ್ಸೇ. ಆರ್ಕೆಸ್ಟ್ರಾಗೆ ಇದು ಒಪ್ಪುತ್ತದೆ. ಆದರೆ ರೆಗೆ ಬೆಳೆದದ್ದು ಪೇರಿಸಿಟ್ಟ ಸ್ಪೀಕರ್ ಗೋಡೆಯ ಎದುರು, ಎಲ್ಲ ಸದ್ದೂ ಒಂದೇ ಕಡೆಯಿಂದ ಗುದ್ದುವ ಹಾಗೆ. ಡ್ರಮ್ಸ್, ಬೇಸ್ ಎರಡೂ ಒಂದೇ ಮುಷ್ಟಿ. ಬೆರಳು ಬಿಡಿಸಿ ನಾಲ್ಕು ಕಡೆ ಹರಡಿದರೆ ಒಂದೊಂದು ಬೆರಳೂ ಚೆನ್ನಾಗಿ ಕಾಣುತ್ತದೆ, ಗುದ್ದು ಮಾತ್ರ ಸಿಗುವುದಿಲ್ಲ.

ಇದರ ಹಿಂದೆಯೇ ಬರುತ್ತಿರುವುದು ಕಂಪ್ಯೂಟರಿನಿಂದ ಹಾಡನ್ನು ಬಿಡಿಸುವ ಕೆಲಸ. ಬೆರೆತುಹೋದ ರೆಕಾರ್ಡಿಂಗ್‌ನಿಂದ ದನಿ, ಡ್ರಮ್ಸ್, ಬೇಸ್ ಎಲ್ಲವನ್ನೂ ಬೇರೆ ಬೇರೆ ಮಾಡುವ ತಂತ್ರ ಈಗ ಇದೆ. ಬೀಟಲ್ಸ್ ತಂಡದ ‘ರಿವಾಲ್ವರ್’ ಆಲ್ಬಮನ್ನು 2022ರಲ್ಲಿ ಹೀಗೆಯೇ ಬಿಡಿಸಿ ಮತ್ತೆ ಮಿಕ್ಸ್ ಮಾಡಿದರು. ಇದು ರೆಗೆಯ ಅಂಗಳಕ್ಕೆ ಬಂದರೆ ಏನಾಗುತ್ತದೆ? ಬ್ಲ್ಯಾಕ್ ಆರ್ಕ್‌ನಲ್ಲಿ ಇದ್ದದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರ. ನಾಲ್ಕೂ ತುಂಬಿದ ಮೇಲೆ ಪೆರ್ರಿ ಅವನ್ನು ಒಟ್ಟಿಗೆ ಸೇರಿಸಿ, ಖಾಲಿಯಾದ ಟ್ರ್ಯಾಕುಗಳ ಮೇಲೆ ಮತ್ತೆ ರೆಕಾರ್ಡ್ ಮಾಡುತ್ತಿದ್ದರು. ಹೀಗೆ ಪ್ರತಿ ಸಲ ಸೇರಿಸಿದಾಗಲೂ ಟೇಪಿನ ಸುಯ್ ಸದ್ದು ಸ್ವಲ್ಪ ಏರುತ್ತಿತ್ತು, ಅಂಚುಗಳು ಸ್ವಲ್ಪ ಮಸುಕಾಗುತ್ತಿದ್ದವು. ಆ ಮಂಜು ಅವರ ಹಾಡುಗಳ ಮೈಯೇ ಆಗಿಹೋಯಿತು. ಯಂತ್ರ ಅದನ್ನು ಕೊಳೆ ಅಂದುಕೊಂಡು ಒರೆಸಿಬಿಟ್ಟರೆ ಉಳಿಯುವುದು ಬೇರೆ ಯಾರದೋ ಆಲ್ಬಮ್. ಪೆರ್ರಿ 2021ರಲ್ಲಿ ತೀರಿಕೊಂಡರು. ಬೇಕು, ಬೇಡ ಅಂತ ಹೇಳಲು ಅವರಿಲ್ಲ.

ಹಾಗಂತ ಬಿಡಿಸುವ ತಂತ್ರ ಕೆಟ್ಟದ್ದೇ ಅಂತಲ್ಲ. ಕಿಂಗ್‌ಸ್ಟನ್ನಿನ ಸ್ಟುಡಿಯೊ ಒನ್ ಉದಾಹರಣೆ ನೋಡಿ. ಅಲ್ಲಿನ ಕಾಕ್ಸನ್ ಡಾಡ್ ತಮ್ಮದೇ ಹಳೆಯ ರೆಕಾರ್ಡಿಂಗ್‌ಗಳ ಮೇಲೆ ಎಷ್ಟೋ ವರ್ಷದ ನಂತರ ಹೊಸ ತಾಳವಾದ್ಯ ಸೇರಿಸಿ ಬಿಡುಗಡೆ ಮಾಡುತ್ತಿದ್ದರು. ಪೈಪೋಟಿಯ ಸ್ಟುಡಿಯೊಗಳು ಅವರ ತಾಳಗಳನ್ನೇ ಹೊಸದಾಗಿ ನುಡಿಸಿ ದುಡ್ಡು ಮಾಡುತ್ತಿದ್ದ ಕಾಲ ಅದು, ಅವರೂ ಸುಮ್ನೆ ಕೂರಲಿಲ್ಲ. ವೇಲರ್ಸ್ ತಂಡದ ಮೊದಲ ಆಲ್ಬಮ್ ‘ದ ವೇಲಿಂಗ್ ವೇಲರ್ಸ್’ ಕೂಡ ದಶಕಗಳ ಕಾಲ ಇಂಥ ಮೇಲುಹೊದಿಕೆಯ ಜೊತೆಗೇ ಸಿಗುತ್ತಿತ್ತು. ಹಳೆಯ ರೂಪದಲ್ಲಿ ಮತ್ತೆ ಬಂದದ್ದು 2016ರಲ್ಲಿ. ಇಂಥ ಮುಚ್ಚಿಹೋದ ಹಾಡನ್ನು ಹೊರಗೆ ತೆಗೆಯಲು ಹೊಸ ಯಂತ್ರ ನೆರವಾದರೆ ನಾನು ಮೊದಲ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತೇನೆ.

ಇದನ್ನೆಲ್ಲ ತೀರ್ಮಾನಿಸುವ ಹಕ್ಕು ಯಾರದು ಅನ್ನುವುದು ಇನ್ನೂ ಗಂಟು. ಜಮೈಕಾಕ್ಕೆ ಈಗಿನ ಕಾಪಿರೈಟ್ ಕಾನೂನು ಬಂದದ್ದೇ 1993ರಲ್ಲಿ. ಅದಕ್ಕೂ ಮೊದಲಿನ ಎಷ್ಟೋ ವಾದಕರು ಒಂದು ಹಾಡಿಗೆ ಇಷ್ಟು ಅಂತ ಕೂಲಿ ತೆಗೆದುಕೊಂಡು ಮನೆಗೆ ಹೋದವರು. ವೇಲರ್ಸ್‌ನ ಬೇಸ್ ವಾದಕ ಆ್ಯಸ್ಟನ್ ‘ಫ್ಯಾಮಿಲಿ ಮ್ಯಾನ್’ ಬ್ಯಾರೆಟ್ ತಮಗೂ ತೀರಿಹೋದ ತಮ್ಮ ಕಾರ್ಲ್‌ಟನ್‌ಗೂ ಬರಬೇಕಾದ ಪಾಲು ಕೇಳಿ ಲಂಡನ್ ಹೈಕೋರ್ಟಿಗೆ ಹೋದರು. 2006ರಲ್ಲಿ ಸೋತರು. ಆ ಹಾಡುಗಳಿಗೆ ಬೆನ್ನುಮೂಳೆಯಾದವರು ಅವರು. ಅವರ ಬೇಸ್ ಎಷ್ಟು ಜೋರಾಗಿ ಕೇಳಬೇಕು ಅನ್ನುವುದನ್ನು ಮಾತ್ರ ಬೇರೆಯವರು ತೀರ್ಮಾನಿಸುತ್ತಾರೆ. ಬ್ಯಾರೆಟ್ 2024ರ ಫೆಬ್ರವರಿಯಲ್ಲಿ ತೀರಿಕೊಂಡರು.

ಕಂಪನಿಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ಹಾಡಿನ ಹೆಸರಿನ ಕೆಳಗೆ ಮಿಕ್ಸ್ ಯಾರದು, ಯಾವ ವರ್ಷದ್ದು ಅಂತ ಒಂದು ಸಾಲು ಬರೆಯಿರಿ. ಹೊಸದನ್ನು ಇಟ್ಟಾಗ ಹಳೆಯದನ್ನು ತೆಗೆಯಬೇಡಿ. 2001ರ ‘ಕ್ಯಾಚ್ ಎ ಫೈರ್’ ಆವೃತ್ತಿಯಲ್ಲಿ ಇದನ್ನು ಸರಿಯಾಗಿ ಮಾಡಿದ್ದಾರೆ. ಮೊದಲ ಸಿಡಿಯಲ್ಲಿ ಜಮೈಕಾದ ಮಿಕ್ಸ್, ಬಿಟ್ಟುಹೋಗಿದ್ದ ‘ಹೈ ಟೈಡ್ ಆರ್ ಲೋ ಟೈಡ್’ ಮತ್ತು ‘ಆಲ್ ಡೇ ಆಲ್ ನೈಟ್’ ಸಮೇತ. ಎರಡನೆಯದರಲ್ಲಿ 1973ರ ಆಲ್ಬಮ್. ಕೇಳುವವರು ಅದೇ ಕ್ರಮದಲ್ಲಿ ಕೇಳಿ. ಫೋನಿನ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ಬೇಸೇ ಬರುವುದಿಲ್ಲ, ಎರಡೂ ಒಂದೇ ಅನ್ನಿಸಿಬಿಡುತ್ತದೆ.

‘ಮಾರ್ಕಸ್ ಗಾರ್ವಿ’ಗೆ ಮಾತ್ರ ಇನ್ನೂ ಹಾಗೆ ಆಗಿಲ್ಲ. ಇವತ್ತಿಗೂ ಸುಲಭವಾಗಿ ಸಿಗುವುದು ಐಲ್ಯಾಂಡ್ ಮಿಕ್ಸೇ. ಜ್ಯಾಕ್ ರೂಬಿಯ ಮಿಕ್ಸ್ ಬೇಕಾದವರು ಜಮೈಕಾದಲ್ಲಿ ಫಾಕ್ಸ್ ಲೇಬಲ್ಲಿನ ಮೇಲೆ ಬಂದ ಹಳೆಯ ತಟ್ಟೆಗಳನ್ನು ಹುಡುಕಬೇಕು. ವಿನ್‌ಸ್ಟನ್ ರಾಡ್ನಿಗೆ ಈಗ ಎಂಬತ್ತರ ಆಸುಪಾಸು. ಎರಡು ತಟ್ಟೆಗಳ ಆ ಆವೃತ್ತಿ ಅವರ ಕಣ್ಣೆದುರೇ ಬರಲಿ.